ರೆಸಾರ್ಟ್‌ನಲ್ಲಿ ಇಸ್ಪೀಟ್ ಅಡ್ಡೆ ನಡೆಯುತ್ತಿದ್ದರೆ ದೂರು ಕೊಡುವುದು ಹೇಗೆ?

ಅಡಿಕೆ, ಮೆಕ್ಕೆಜೋಳದ ದುಡ್ಡು ಕೈಗೆ ಬರುವ ಹೊತ್ತಿಗೇ ಹೈವೇ ಪಕ್ಕದ ರೆಸಾರ್ಟ್‌ನಲ್ಲೋ ತೋಟದ ಮನೆಯಲ್ಲೋ ಅಂದರ್-ಬಾಹರ್ ಶುರುವಾಗುತ್ತದೆ. ನಮ್ಮ ದಾವಣಗೆರೆ ಕಡೆಯವರಿಗೆ ಇದು ಹೊಸದಲ್ಲ. 'ಹಿಂದೆ ದೊಡ್ಡವರಿದ್ದಾರೆ, ದೂರು ಕೊಟ್ಟು ಏನು ಬಂತು' ಅಂತ ಸುಮ್ನೆ ಕೂರಬೇಡಿ. ವಿವರ ಸರಿಯಾಗಿದ್ದರೆ ದೂರನ್ನು ಮುಚ್ಚಿಹಾಕುವುದು ಕಷ್ಟ.

ಮೊದಲು ಒಂದು ನೋಡಿಕೊಳ್ಳಿ: ಆಡಿಸುವವನು ಆಟದಿಂದ ದುಡ್ಡು ಮಾಡುತ್ತಿದ್ದಾನಾ? ಆಟಕ್ಕಿಷ್ಟು ಕಮಿಷನ್, ಟೇಬಲ್‌ಗಿಷ್ಟು ಬಾಡಿಗೆ, ಹೀಗೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಕಲಂ ಅಡ್ಡೆ ನಡೆಸುವವರಿಗೆ, 80ನೇ ಕಲಂ ಅಲ್ಲಿ ಆಡುವವರಿಗೆ. ಆಡಲೆಂದು ಬಂದು ಕೂತವರೂ ಸಿಕ್ಕಿಬೀಳುತ್ತಾರೆ. ಹಾಗಾಗಿ ಸಾಕ್ಷಿ ಬೇಕು ಅಂತ ಒಳಗೆ ಹೋಗಲೇಬೇಡಿ. ರಮ್ಮಿಯನ್ನು ಸುಪ್ರೀಂ ಕೋರ್ಟ್ 1968ರಲ್ಲೇ ಹೆಚ್ಚಾಗಿ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದಿದೆ, ಅದಕ್ಕೆ ಯಾವ ಆಟ ಅನ್ನುವುದನ್ನೂ ಬರೆಯಿರಿ.

ಆಟ ನಡೆಯುತ್ತಿರುವಾಗಲೇ ಗೊತ್ತಾದರೆ 112ಕ್ಕೆ ಫೋನ್ ಮಾಡಿ. ಲಿಖಿತ ದೂರಿನಲ್ಲಿ ದಿನಾಂಕ, ಹೊತ್ತು, ಯಾವ ಕಟ್ಟಡ, ಯಾವ ಬಾಗಿಲು, ದುಡ್ಡು ಯಾರು ತೆಗೆದುಕೊಳ್ಳುತ್ತಾರೆ, ಇಷ್ಟು ಇರಲಿ. ಕಂಡಿದ್ದು ಬೇರೆ, ಕೇಳಿದ್ದು ಬೇರೆ ಅಂತ ಬಿಡಿಸಿ ಬರೆಯಿರಿ. ಯಾವುದೋ ನಾಯಕರ ಹೆಸರು ಊರಲ್ಲಿ ಓಡಾಡುತ್ತಿದೆ ಅಂತ ಅದನ್ನು ಸೇರಿಸಬೇಡಿ, ಅಡ್ಡೆಯ ಮಾತು ಹಿಂದೆ ಸರಿದು ಇಡೀ ದೂರೇ ರಾಜಕೀಯ ಅನ್ನಿಸಿಕೊಳ್ಳುತ್ತದೆ.

ಠಾಣೆಯಲ್ಲಿ ಸ್ವೀಕೃತಿ ಕೇಳಿ ಪಡೆಯಿರಿ. ಅದೇ ದಿನ ಒಂದು ಪ್ರತಿ ಎಸ್‌ಪಿಗೆ, ಇನ್ನೊಂದು ದಾವಣಗೆರೆಯಲ್ಲೇ ಇರುವ ಪೂರ್ವ ವಲಯದ ಐಜಿಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ. ಮೇಲಿನವರಿಗೂ ಯಾಕೆ ಅಂತೀರಾ? ಅಮೆರಿಕದ ಇಂಡಿಯಾನಾದಲ್ಲಿ ಫ್ರೆಂಚ್ ಲಿಕ್ ಅನ್ನುವ ಹಳೆಯ ರೆಸಾರ್ಟ್ ಹೋಟೆಲ್ ಇದೆ. 1901ರಲ್ಲಿ ಅದನ್ನು ಕೊಂಡವರಲ್ಲಿ ಮುಖ್ಯರಾದ ಥಾಮಸ್ ಟ್ಯಾಗರ್ಟ್ ಇಂಡಿಯಾನಾಪೊಲಿಸ್‌ನ ಮೇಯರ್ ಆಗಿದ್ದವರು, ಮುಂದೆ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರೂ ಆದರು. ಅಲ್ಲಿ ನಡೆಯುತ್ತಿದ್ದ ಜೂಜಿಗೂ ತನಗೂ ಸಂಬಂಧವಿಲ್ಲ ಅನ್ನುತ್ತಿದ್ದರು. 1906ರಲ್ಲಿ ದಾಳಿ ನಡೆದದ್ದು ಎದುರು ಪಕ್ಷದ ಗವರ್ನರ್ ಹ್ಯಾನ್ಲಿ ಆದೇಶದಿಂದ. ಆಮೇಲೂ ಅಲ್ಲಿ ಜೂಜು ದಶಕಗಳ ಕಾಲ ನಡೆಯಿತು. ಒಂದು ದಾಳಿ ಆಯಿತು ಅಂತ ನೀವು ಬಿಟ್ಟುಬಿಡಬೇಡಿ.

ಏನೂ ಸುದ್ದಿ ಇಲ್ಲವಾ? 10 ರೂಪಾಯಿ ಶುಲ್ಕ ಕಟ್ಟಿ ಎಸ್‌ಪಿ ಕಚೇರಿಗೆ ಆರ್‌ಟಿಐ ಅರ್ಜಿ ಹಾಕಿ. ದೂರು ಯಾವ ದಿನ ಯಾರ ಕೈಗೆ ಹೋಯಿತು, ಏನು ಕ್ರಮ ಆಯಿತು, ಇಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಲೇಬೇಕು.