ನೆಲ ವಾಟ ಇದ್ದರೆ ನಾಲ್ಕಡಿ ಅಕ್ವೇರಿಯಂ ಕೂರಿಸುವುದು ಹೇಗೆ?

ನಾಲ್ಕಡಿ ಟ್ಯಾಂಕ್ ಮನೆಗೆ ಬಂತು. ಸ್ಟ್ಯಾಂಡ್ ಮೇಲೆ ಕೂತಿತು. ನೀರೂ ತುಂಬಿತು. ಆಮೇಲೆ ಯಾರೋ ಸೋಫಾದಿಂದ ನೋಡಿ "ನೀರು ಓರೆಯಾಗಿದೆ ಅಲ್ವಾ?" ಅನ್ನುತ್ತಾರೆ. ಅಲ್ಲಿಂದ ಮನೆಯಲ್ಲಿ ಎಲ್ಲರೂ ಇಂಜಿನಿಯರ್‌ಗಳೇ. ಒಬ್ಬರು ರಟ್ಟು ಮಡಚುತ್ತಾರೆ, ಇನ್ನೊಬ್ಬರು ಹಿತ್ತಲಿಂದ ಅಡಿಕೆ ದಬ್ಬೆ ಸೀಳಿ ತರುತ್ತಾರೆ, ಮತ್ತೊಬ್ಬರು "ಈ ಮೂಲೆ ಸ್ವಲ್ಪ ಎತ್ತಿ, ನಾನು ತೂರಿಸ್ತೀನಿ" ಅಂತ ನೆಲಕ್ಕೆ ಕೂರುತ್ತಾರೆ. ದಯವಿಟ್ಟು ಎತ್ತಬೇಡಿ.

ಲೆಕ್ಕ ನೋಡಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ 9 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ನೀರು. ಅಲ್ಲಿಗೆ 250 ಲೀಟರ್, ಅಂದರೆ 250 ಕೆ.ಜಿ. ಗಾಜು 10 ಮಿ.ಮೀ. ದಪ್ಪದ್ದಾದರೆ ಅದೇ 50 ಕೆ.ಜಿ. ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ ನಾಲ್ಕು ಕ್ವಿಂಟಾಲ್ ಹತ್ತಿರ ಹೋಗುತ್ತದೆ. ಇಷ್ಟು ಭಾರದ ಗಾಜಿನ ಪೆಟ್ಟಿಗೆಯ ಒಂದು ಮೂಲೆಯನ್ನು ಮಾತ್ರ ಎತ್ತಿದರೆ ಗಾಜು, ಸಿಲಿಕೋನ್ ಎರಡಕ್ಕೂ ಪೆಟ್ಟು.

ನಮ್ಮ ಕಡೆ ಮಟ್ಟಸ ನೆಲ ಸಿಗುವುದೇ ಅಪರೂಪ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳೆ ಮನೆಗಳಲ್ಲಿ ಇರುವುದು ಕೈಯಲ್ಲಿ ತಿಕ್ಕಿದ ರೆಡ್ ಆಕ್ಸೈಡ್ ನೆಲ. ಜಗುಲಿಗೆ ಎರಚಲು ನೀರು ಹೊರಗೆ ಹೋಗಲಿ ಅಂತ ಬೇಕೆಂದೇ ವಾಟ ಕೊಟ್ಟಿರುತ್ತಾರೆ. ಶಿವಮೊಗ್ಗದ ಗೋಪಾಳ, ವಿನೋಬನಗರದ ಹೊಸ ಮನೆಗಳ ಟೈಲ್ಸ್ ಕೂಡ ನೋಡಲಿಕ್ಕೆ ಮಾತ್ರ ಸಮ.

ಕೆಲಸ ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಟ್ಯಾಂಕ್ ಪೂರ್ತಿ ಒಂದೇ ಕಡೆಗೆ ಸ್ವಲ್ಪ ವಾಲಿದರೆ ಅದು ನೋಡಲು ಕೆಟ್ಟದಾಗಿರುತ್ತದೆ, ಅಷ್ಟೇ. 45 ಸೆಂ.ಮೀ. ನೀರಿಗೆ ಒಂದು ಕಡೆ 5 ಮಿ.ಮೀ. ಜಾಸ್ತಿ ಆದರೆ ಒತ್ತಡ ಶೇ 1ರಷ್ಟು ಹೆಚ್ಚುತ್ತದೆ, ಗಾಜು ಅದಕ್ಕೆಲ್ಲ ಹೆದರುವುದಿಲ್ಲ. ಅಪಾಯ ಇರುವುದು ತಿರುಚಿನಲ್ಲಿ. ಮೂರು ಮೂಲೆ ಒಂದು ಮಟ್ಟದಲ್ಲಿದ್ದು ನಾಲ್ಕನೆಯದು ಗಾಳಿಯಲ್ಲಿದ್ದರೆ, ಒದ್ದೆ ಬಟ್ಟೆ ಹಿಂಡುವ ಹಾಗೆ ಭಾರವೆಲ್ಲ ಸೇರಿ ಟ್ಯಾಂಕಿನ ತಳ ಹಿಂಡುತ್ತದೆ. ಒಡೆಯುವುದು ಆಗ. ಅದೂ ತಕ್ಷಣ ಅಲ್ಲ, ಎಷ್ಟೋ ದಿನ ಬಿಟ್ಟು, ರಾತ್ರಿ ಹೊತ್ತು ಬೇಕಾದರೂ ಒಡೆಯಬಹುದು.

1. ಜಾಗ

ಗೋಡೆ ಪಕ್ಕ, ಬಿಸಿಲು ಬೀಳದ ಕಡೆ, ಪ್ಲಗ್ ಪಾಯಿಂಟ್ ಹತ್ತಿರ. ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಮರದ ಹಲಗೆಯ ಮಹಡಿ ಮೇಲೆ ಬೇಡವೇ ಬೇಡ. ಟೈಲ್ಸ್ ಆದರೆ ನಾಣ್ಯದಿಂದ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಸ್ಟ್ಯಾಂಡಿನ ಕಾಲು ಬರಬಾರದು.

2. ನೆಲ ಅಳೆಯುವುದು

ಎಲ್ಲರೂ ಹಾರಿಸಿಬಿಡುವ ಕೆಲಸ ಇದು. ಮೊಬೈಲ್‌ನಲ್ಲಿ ಲೆವೆಲ್ ಆಪ್ ಹಾಕಿ ನೆಲದ ಮೇಲಿಟ್ಟು "ಸರಿ ಇದೆ" ಅನ್ನುತ್ತಾರೆ. ಫೋನಿನ ಹಿಂದೆ ಕ್ಯಾಮೆರಾ ಉಬ್ಬಿಕೊಂಡಿದೆ ಮಾರಾಯ್ರೇ, ಅದು ಹೇಗೆ ಸರಿ ತೋರಿಸುತ್ತೆ? ಗೇಣುದ್ದದ ರಸಮಟ್ಟವೂ (ಗುಳ್ಳೆ ಇರುವ ಸ್ಪಿರಿಟ್ ಲೆವೆಲ್) ನಾಲ್ಕಡಿಗೆ ಸಾಲದು. ರಸಮಟ್ಟವೇ ಬೇಕು ಅಂದರೆ ನೇರ ಇರುವ ಅಲ್ಯೂಮಿನಿಯಂ ಪಟ್ಟಿಯ ಮೇಲಿಟ್ಟು ನೋಡಿ. ಒಮ್ಮೆ ನೋಡಿದ ಮೇಲೆ ರಸಮಟ್ಟವನ್ನು ತಿರುಗಿಸಿ, ಎಡದ ತುದಿ ಬಲಕ್ಕೆ ಬರುವ ಹಾಗೆ ಮತ್ತೆ ಅಲ್ಲೇ ಇಡಿ. ಗುಳ್ಳೆ ಮೊದಲು ಯಾವ ಗೋಡೆಯ ಕಡೆಗೆ ಎಷ್ಟು ಸರಿದಿತ್ತೋ ಈಗಲೂ ಅದೇ ಗೋಡೆಯ ಕಡೆಗೆ ಅಷ್ಟೇ ಸರಿದು ನಿಲ್ಲದಿದ್ದರೆ ಆ ರಸಮಟ್ಟ ದಂಡ.

ನನ್ನ ಪ್ರಕಾರ ಇವೆರಡಕ್ಕಿಂತ ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಎಷ್ಟೋ ಮೇಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾರದರ್ಶಕ ಪೈಪ್ ಐದಾರು ಮೀಟರ್ ತನ್ನಿ. ಒಳಗೆ ಒಂದೂ ಗುಳ್ಳೆ ಇರದ ಹಾಗೆ ನೀರು ತುಂಬಿ. ಗುಳ್ಳೆ ಇದ್ದರೆ ಅಳತೆ ಸುಳ್ಳು ಹೇಳುತ್ತದೆ. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ನೀರು ನಿಂತ ಕಡೆ ಪೆನ್ನಿಂದ ಗೆರೆ ಹಾಕಿ. ಇನ್ನೊಂದು ತುದಿಯನ್ನು ಸ್ಟ್ಯಾಂಡಿನ ನಾಲ್ಕು ಕಾಲು ಬರುವ ಜಾಗಗಳಿಗೆ ಒಂದೊಂದಾಗಿ ಒಯ್ಯಿರಿ. ಹೋಗುವಾಗ ಬಾಯಿಗೆ ಹೆಬ್ಬೆರಳು, ಅಳೆಯುವಾಗ ಎರಡೂ ಬಾಯಿ ತೆರೆದಿರಬೇಕು. ಕಿಟಕಿ ಕಡೆ ನೀರು ಗೆರೆಗೆ ಬಂದು ನಿಂತ ಮೇಲೆ, ಈ ಕಡೆ ನೀರಿನಿಂದ ನೆಲಕ್ಕೆ ಎಷ್ಟು ಮಿ.ಮೀ. ಅಂತ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ.

ಉದಾಹರಣೆಗೆ ಮುಂದಿನ ಎಡ ಮೂಲೆಯಿಂದ ಶುರು ಮಾಡಿ ಸುತ್ತ ಬಂದರೆ 600, 606, 609, 603 ಸಿಕ್ಕಿತು ಅನ್ನಿ. ಈಗ ಎದುರು ಬದುರು ಮೂಲೆ ಕೂಡಿ. 600 ಮತ್ತು 609 ಸೇರಿ 1209. 606 ಮತ್ತು 603 ಸೇರಿಯೂ 1209. ಎರಡೂ ಸಮ ಬಂದರೆ ನೆಲ ಬರೀ ವಾಟ ಇದೆ, ತಿರುಚಿಲ್ಲ. ಅದೇ ಮೂರನೆಯ ಅಳತೆ 604 ಬಂದಿದ್ದರೆ ಒಂದು ಜೋಡಿ 1204, ಇನ್ನೊಂದು 1209. ವ್ಯತ್ಯಾಸ 5 ಮಿ.ಮೀ. ಟ್ಯಾಂಕ್ ಒಡೆಯುವುದು ಇಂಥ ನೆಲದಲ್ಲಿ. ಕಣ್ಣಿಗೆ ಅದು ಮೊದಲಿನದಕ್ಕಿಂತ ಸಮ ಕಾಣುತ್ತದೆ ಅನ್ನುವುದೇ ತಮಾಷೆ.

3. ಸ್ಟ್ಯಾಂಡ್

ವೆಲ್ಡಿಂಗ್ ಬಿಸಿಗೆ ಕಬ್ಬಿಣ ಎಳೆದುಕೊಳ್ಳುತ್ತದೆ, ಹಾಗಾಗಿ ಸ್ಟ್ಯಾಂಡೇ ತಿರುಚಿರಬಹುದು. ಮೇಲಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಕಟ್ಟಿ. ನಡುವೆ ಎರಡೂ ಸುಮ್ನೆ ತಾಗಿಕೊಂಡಿರಬೇಕು. ನಡುವೆ ಸಂದಿ ಬಂದರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತಿ ಬಗ್ಗಿಸಿದರೆ ಸ್ಟ್ಯಾಂಡ್ ವಾಪಸ್ ಕಳಿಸಿ. "ನೀರು ತುಂಬಿದ ಮೇಲೆ ತಾನಾಗಿ ಕೂತ್ಕೊಳ್ಳುತ್ತೆ ಸಾರ್" ಅನ್ನುತ್ತಾರೆ. ಕೂರುವುದು ನಿಮ್ಮ ಗಾಜಿನ ಮೇಲೆ.

4. ಪ್ಯಾಕಿಂಗ್

ಪ್ಯಾಕಿಂಗ್, ಅಂದರೆ ಮಟ್ಟ ಮಾಡಲು ಇಡುವ ತುಂಡು, ಕೊಡುವುದು ಸ್ಟ್ಯಾಂಡಿನ ಕಾಲಿನ ಕೆಳಗೆ. ಟ್ಯಾಂಕ್ ಮತ್ತು ಸ್ಟ್ಯಾಂಡ್ ನಡುವೆ ಯಾವತ್ತೂ ಅಲ್ಲ. ಅಲ್ಲಿ ಒಂದು ಚೂರು ರಟ್ಟು ಸಿಕ್ಕಿಸಿದರೂ ತಳದ ಗಾಜು ಆ ಚೂರಿನ ಮೇಲೆ ನಿಲ್ಲುತ್ತದೆ.

ಅತಿ ಕಡಿಮೆ ಅಳತೆ ಬಂದ ಮೂಲೆಯೇ ನೆಲದ ಎತ್ತರದ ಜಾಗ. ಅಲ್ಲಿ ಏನೂ ಇಡಬೇಡಿ. ಉಳಿದ ಅಳತೆಗಳಿಂದ ಅದನ್ನು ಕಳೆಯಿರಿ, ಬಂದಷ್ಟು ದಪ್ಪ ಆಯಾ ಕಾಲಿಗೆ ಬೇಕು. ಮೇಲಿನ 600, 606, 604, 603ರ ನೆಲದಲ್ಲಿ ಕ್ರಮವಾಗಿ ಏನಿಲ್ಲ, 6, 4, 3 ಮಿ.ಮೀ. ಲೆಕ್ಕ ಇಷ್ಟು ಸುಲಭ ಇರುವಾಗ ಕಣ್ಣಂದಾಜಿನಲ್ಲಿ ತೂರಿಸುವುದು ಯಾಕೆ ಅಂತ ನನಗೆ ಅರ್ಥ ಆಗಿಲ್ಲ.

ಏನು ಇಡಬೇಕು? ಮೈಕಾ ಚೂರುಗಳು, ಅಂದರೆ ಪ್ಲೈ ಮೇಲೆ ಅಂಟಿಸುವ ಸನ್‌ಮೈಕಾ ಹಾಳೆಯ ತುಂಡುಗಳು. ಬಡಗಿಗಳ ಹತ್ತಿರ ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಸುಮಾರು 1 ಮಿ.ಮೀ. ದಪ್ಪ, ಭಾರಕ್ಕೆ ಕುಗ್ಗುವುದಿಲ್ಲ. ಗಟ್ಟಿ ಪಿವಿಸಿ ಅಥವಾ ಅಕ್ರಿಲಿಕ್ ತುಂಡೂ ಆದೀತು. ಕಾಲಿನ ತಳಕ್ಕಿಂತ ಸ್ವಲ್ಪ ದೊಡ್ಡದಾಗಿ ಚೌಕಕ್ಕೆ ಕತ್ತರಿಸಿ, ಪೂರ್ತಿ ತಳ ಅದರ ಮೇಲೆ ಕೂರಬೇಕು. ಬೆಣೆ ಒಂದೇ ಕಡೆಯಿಂದ ಹೊಡೆದರೆ ಅಂಚು ಮಾತ್ರ ತಾಗುತ್ತದೆ.

ಅಡಿಕೆ ದಬ್ಬೆ ಬೇಡ. ದಬ್ಬೆಯಲ್ಲಿ ಅಟ್ಟಣಿಗೆ ಕಟ್ಟಿ, ಬೇಲಿ ಮಾಡಿ, ನನ್ನ ತಕರಾರಿಲ್ಲ. ಇಲ್ಲಿ ಮಾತ್ರ ಬೇಡ. ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ, ಮರದ ಬೆಣೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ನಡುವೆ ಗೆದ್ದಲು ಬಂದರೆ ಒಳಗಿಂದ ಪೊಳ್ಳಾಗುತ್ತದೆ. ರಟ್ಟಿನ ಕಥೆ ಕೇಳುವುದೇ ಬೇಡ. ರಬ್ಬರ್ ಪ್ಯಾಡ್ ಅಂತ ಮಾರುತ್ತಾರೆ, ಅದು ಒಂದೊಂದು ಕಾಲಿನಲ್ಲಿ ಒಂದೊಂದು ಥರ ಕುಗ್ಗುವುದರಿಂದ ನಿಮ್ಮ ಲೆಕ್ಕವೆಲ್ಲ ನೀರಿಗೆ ಹೋಯಿತು. ತಿರುಗಿಸಿ ಕಾಲಿನ ಎತ್ತರ ಹೊಂದಿಸುವ ಸ್ಕ್ರೂ ಬುಶ್ ಇರುವ ಸ್ಟ್ಯಾಂಡ್ ಒಳ್ಳೆಯದೇ, ಆದರೆ ಪ್ರತಿ ಬುಶ್ ಕೆಳಗೆ ಅಂಗೈ ಅಗಲದ ಕಬ್ಬಿಣದ ತಗಡು ಇಡಿ, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ.

ಆರು ಕಾಲಿನ ಸ್ಟ್ಯಾಂಡ್ ಆದರೆ ನಡುವಿನ ಎರಡನ್ನು ಮರೆಯಬೇಡಿ. ಕಪಾಟಿನ ಥರ ತಳ ನೆಲಕ್ಕೆ ತಾಗುವ ಸ್ಟ್ಯಾಂಡ್ ಆದರೆ ಮೂಲೆಗೆ ಮಾತ್ರ ಕೊಟ್ಟರೆ ನಡುವೆ ಜಗ್ಗುತ್ತದೆ, ಗೇಣಿಗೊಂದರಂತೆ ಸುತ್ತ ಕೊಡಿ. ಕೊನೆಗೆ ಒಂದು ಕಾಗದದ ಚೂರನ್ನು ಪ್ರತಿ ಕಾಲಿನ ಕೆಳಗೆ ತೂರಿಸಲು ನೋಡಿ. ಎಲ್ಲೂ ಹೋಗಬಾರದು.

ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಯ ವ್ಯತ್ಯಾಸ 12 ಮಿ.ಮೀ. ದಾಟಿದರೆ ಪ್ಯಾಕಿಂಗ್ ಸಹವಾಸ ಬಿಡಿ. ಮೇಸ್ತ್ರಿಯನ್ನು ಕರೆದು ಸಿಮೆಂಟ್ ಹಾಸಿ, ಮೇಲೆ ಗ್ರಾನೈಟ್ ಚಪ್ಪಡಿ ಮಟ್ಟ ಮಾಡಿ ಕೂರಿಸಿ, ವಾರ ಬಿಟ್ಟು ಸ್ಟ್ಯಾಂಡ್ ಇಡಿ.

5. ಪ್ಲೈ, ಥರ್ಮಾಕೋಲ್

ಸ್ಟ್ಯಾಂಡ್ ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್. ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ಮಾತ್ರ ತನ್ನಿ, 303 ಅಂತ ಇರುವುದು ಸಾಧಾರಣ ಕೆಲಸದ್ದು, ನೀರು ಚೆಲ್ಲುವ ಜಾಗಕ್ಕಲ್ಲ. ಅದರ ಮೇಲೆ ಅರ್ಧ ಇಂಚಿನ ಗಟ್ಟಿ ಥರ್ಮಾಕೋಲ್, ಒಂದೇ ಹಾಳೆ. ಟಿವಿ ಪೆಟ್ಟಿಗೆಯ ತುಂಡು ಜೋಡಿಸಬೇಡಿ. ಥರ್ಮಾಕೋಲ್ ಇರುವುದು ಮರಳಿನ ಕಣ, ಸಣ್ಣ ಉಬ್ಬು ನುಂಗಲಿಕ್ಕೆ. ಓರೆ ನೆಲವನ್ನು ಅದು ಸರಿ ಮಾಡುವುದಿಲ್ಲ, ಅಂಗಡಿಯವರು ಏನೇ ಹೇಳಲಿ. ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇದ್ದು ತಳದ ಗಾಜು ಮೇಲೆ ತೇಲಿರುವ ಟ್ಯಾಂಕಿಗೆ ಥರ್ಮಾಕೋಲ್ ಬೇಡ.

6. ನೀರು

ಕಾಲು ಭಾಗ ತುಂಬಿ ನಿಲ್ಲಿಸಿ. ನೀರೇ ಎಲ್ಲಕ್ಕಿಂತ ಒಳ್ಳೆಯ ರಸಮಟ್ಟ. ಟ್ಯಾಂಕಿನ ಅಂಚಿನಿಂದ ನೀರಿಗೆ ನಾಲ್ಕೂ ಮೂಲೆಯಲ್ಲಿ ಅಳೆಯಿರಿ, ಎದುರು ಬದುರು ಕೂಡುವ ಲೆಕ್ಕ ಇಲ್ಲಿಯೂ ಮಾಡಿ. ಕಾಗದದ ಚೂರಿನ ಪರೀಕ್ಷೆ ಮತ್ತೆ. ಸರಿ ಇದ್ದರೆ ಅರ್ಧ, ಆಮೇಲೆ ಪೂರ್ತಿ, ಆಮೇಲೆ ಒಂದು ರಾತ್ರಿ ಹಾಗೇ ಬಿಡಿ. ಏನಾದರೂ ಬದಲಿಸಬೇಕಾದರೆ ನೀರು ಖಾಲಿ ಮಾಡಿ, ಟ್ಯಾಂಕ್ ಇಳಿಸಿಯೇ ಬದಲಿಸಿ. ಬೇಜಾರಿನ ಕೆಲಸ ನಿಜ, ಅದಕ್ಕೇ ಕಾಲು ಭಾಗಕ್ಕೆ ನಿಲ್ಲಿಸಲು ಹೇಳಿದ್ದು.

ನಾಲ್ಕಡಿಗೆ 3 ಮಿ.ಮೀ. ಓರೆ ಉಳಿದು, ಕೂಡಿದ ಲೆಕ್ಕ ಸಮ ಬಂದರೆ ಅಲ್ಲಿಗೆ ಬಿಡಿ. ಮೇಲಂಚಿಗೆ ಎರಡು ಬೆರಳು ಅಗಲದ ಕಪ್ಪು ಟೇಪ್ ಸುತ್ತಿ, ನೀರಿನ ಗೆರೆ ಅದರ ಹಿಂದೆ ಬರುವ ಹಾಗೆ ತುಂಬಿ. ಸೋಫಾದಲ್ಲಿ ಕೂತವರಿಗೆ ಕಾಣುವುದಿಲ್ಲ. ಮೊದಲ ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಕಾಗದದ ಚೂರು ಹಿಡಿದು ಕಾಲುಗಳ ಸುತ್ತ ಇನ್ನೊಮ್ಮೆ ಬನ್ನಿ.