ಸಮಾನಾರ್ಥಕ ಪದ ಸುಮ್ನೆ ಉರು ಹೊಡೀಬೇಡಿ

ಪರೀಕ್ಷೆಗೆ ಓದುತ್ತಿರುವ ಗೆಳೆಯರೇ, ನಾನು ಮೊದಲು ಇಂಗ್ಲಿಷ್‌ನ ಅಬೇಟ್, ಮಿಟಿಗೇಟ್, ಅಲೀವಿಯೇಟ್ ಮೂರಕ್ಕೂ 'ಕಡಿಮೆ' ಅಂತ ಒಂದೇ ಅರ್ಥ ಬರೆದುಕೊಂಡಿದ್ದೆ. ಖಾಲಿ ಜಾಗ ತುಂಬುವ ಪ್ರಶ್ನೆ ಬಂದಾಗಲೆಲ್ಲ ತಪ್ಪು.

ನಮ್ಮ ಗಂಗಾವತಿ ಕಡೆ ಭತ್ತ ಕೊಯ್ಯುತ್ತೇವೆ, ಈರುಳ್ಳಿ ಹೆಚ್ಚುತ್ತೇವೆ, ಕಟ್ಟಿಗೆ ಸೀಳುತ್ತೇವೆ. ಭತ್ತ ಹೆಚ್ಚುತ್ತೇವೆ ಅಂದರೆ ಮನೆಯಲ್ಲಿ ನಗುತ್ತಾರೆ ಅಲ್ವಾ? ಇಂಗ್ಲಿಷ್ ಕ್ರಿಯಾಪದಗಳೂ ಹಾಗೇ, ಪ್ರತಿಯೊಂದಕ್ಕೂ ಅದರದೇ ಜೊತೆಗಾರ ಪದ ಇರುತ್ತದೆ. ಅಲೀವಿಯೇಟ್ ಜೊತೆ ನೋವು, ಬಡತನ. ಮಿಟಿಗೇಟ್ ಜೊತೆ ಅಪಾಯ, ಪರಿಣಾಮ. ತುಂಗಭದ್ರೆಯ ಪ್ರವಾಹ ತಾನಾಗಿ ಇಳಿದರೆ ಅಬೇಟ್. ಅಂದರೆ ಅಬೇಟ್ ಹೆಚ್ಚಾಗಿ 'ಕಡಿಮೆಯಾಗು', ಉಳಿದೆರಡು 'ಕಡಿಮೆಮಾಡು'. ಈ ಆಗು-ಮಾಡು ಪರೀಕ್ಷೆ ಕನ್ನಡದವರಿಗೆ ಸಿಕ್ಕ ಬೋನಸ್. ಪದಪಟ್ಟಿ ಪುಸ್ತಕಗಳಲ್ಲಿ ಇದನ್ನು ನಾನಂತೂ ನೋಡಿಲ್ಲ!

ನೋಟ್‌ಬುಕ್‌ನಲ್ಲಿ ಪದದ ಎದುರು ಅರ್ಥ ಬೇಡ, ಜೊತೆಗಾರ ಪದ ಬರೆಯಿರಿ. ಕೆಳಗೆ ನಿಮ್ಮ ಊರಿನದೇ ಒಂದು ವಾಕ್ಯ. ದಿನಕ್ಕೆ ಮೂರು ಪದ ಸಾಕು, ಜಾಸ್ತಿ ಬೇಡ. ವಿರುದ್ಧ ಪದವನ್ನೂ ಪಕ್ಕದಲ್ಲೇ ಬರೆಯಿರಿ: ಅಲೀವಿಯೇಟ್‌ಗೆ ಅಗ್ರವೇಟ್ ಅಥವಾ ಎಕ್ಸಾಸರ್ಬೇಟ್, ಎರಡೂ 'ಇನ್ನಷ್ಟು ಕೆಡಿಸು'. ಎರಡನೆಯದರ ಸ್ಪೆಲಿಂಗ್ ನನಗೆ ಇವತ್ತಿಗೂ ತಲೆನೋವು.