ಬಟವಾಡೆ ಕಡತ ಅಳಿಸಿಹೋದ ಮೇಲೆ ಕಲಿತ ಗುಂಪು ಅನುಮತಿ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದ ಹಳೆಯ ಕಂಪ್ಯೂಟರ್ ಇದೆ. ಅದರ ಉಸ್ತುವಾರಿ ನನ್ನದು. ಬಳಸುವವರು ಮೂವರು: ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆಯುವ ರೈಟರ್, ಲೆಕ್ಕ ನೋಡುವ ಅಕ್ಕ, ಗೋದಾಮಿನ ತೂಕ ದಾಖಲಿಸುವ ಹುಡುಗ. ಮೂವರಿಗೂ ಪ್ರತ್ಯೇಕ ಖಾತೆಗಳಿದ್ದವು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗುತ್ತಿಲ್ಲವೆಂದು ದೂರು ಬಂದಾಗ, ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲಿ ಹಂಚಿಕೆಯ ಫೋಲ್ಡರಿಗೆ 777 ಎಂಬ ಅನುಮತಿ ಸಂಖ್ಯೆ ಕೊಟ್ಟುಬಿಟ್ಟಿದ್ದೆ. ಯಾರು ಬೇಕಾದರೂ ಒಳಹೊಕ್ಕು ಓದಬಹುದು, ಬರೆಯಬಹುದು.

ಡಿಸೆಂಬರಿನ ಒಂದು ಶನಿವಾರ ಬಟವಾಡೆಗೆ ಎರಡು ಗಂಟೆ ಇರುವಾಗ ಕೂಲಿ ಪಟ್ಟಿಯೇ ಕಾಣಲಿಲ್ಲ. ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟವದು. ವಾರವಿಡೀ ಯಾರು ಎಷ್ಟು ಹಣ್ಣು ಕೊಯ್ದರೆಂಬುದು ಆ ಕಡತದಲ್ಲಿತ್ತು. ಮೇಸ್ತ್ರಿಯ ಚೀಟಿಗಳನ್ನು ಹುಡುಕಿ ತೆಗೆದು ಮತ್ತೆ ಬರೆದು ಮುಗಿಸುವಷ್ಟರಲ್ಲಿ ಕತ್ತಲಾಯಿತು. ಅಲ್ಲಿಯವರೆಗೂ ಹೆಂಗಸರು ಕಣದ ಅಂಚಿನಲ್ಲಿ ಚಳಿಯಲ್ಲೇ ಕುಳಿತಿದ್ದರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

“ಸರ್, ಆ ಕಡತಕ್ಕೆ ನಾನೊಬ್ಬನೇ ಬರೆಯಲು ಆಗುವಂತೆ ನೀವೇ ಮಾಡಿದ್ದಿರಲ್ಲ, ಬೇರೆಯವರು ಅಳಿಸಿದ್ದು ಹೇಗೆ?” ಎಂದು ರೈಟರ್ ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಕಡತದ ಅನುಮತಿ 644. ಒಡೆಯನಿಗಷ್ಟೇ ಬರೆಯುವ ಹಕ್ಕು. ಆದರೆ ಕಡತದ ಹೆಸರು ದಾಖಲಾಗಿರುವುದು ಫೋಲ್ಡರಿನಲ್ಲಿ. ಆ ಹೆಸರನ್ನು ಹೊಡೆದುಹಾಕಲು ಫೋಲ್ಡರಿನೊಳಗೆ ಹೋಗುವ, ಬರೆಯುವ ಹಕ್ಕಿದ್ದರೆ ಸಾಕು, ಕಡತದ ಅನುಮತಿಯನ್ನು ಯಾರೂ ಕೇಳುವುದಿಲ್ಲ. ಹುಡುಗ ತನ್ನ ಹಳೆಯ ತೂಕದ ಚೀಟಿಗಳನ್ನು ತೆಗೆಯುವಾಗ ಇದೂ ಜೊತೆಗೆ ಹೋಗಿತ್ತು. ತಪ್ಪು ಅವನದಲ್ಲ, 777 ಕೊಟ್ಟ ನನ್ನದು.

ಮರುದಿನ ಭಾನುವಾರ ಕುಳಿತು ಎಲ್ಲವನ್ನೂ ಹೊಸದಾಗಿ ಕಟ್ಟಿದೆ. ಯಾರಿಗೆ ಏನು ಕೊಡಬೇಕೆಂದು ಯೋಚಿಸುವುದನ್ನು ಬಿಟ್ಟು, ಯಾವ ಕೆಲಸಕ್ಕೆ ಯಾರು ಬೇಕೆಂದು ಕಾಗದದ ಮೇಲೆ ಬರೆದುಕೊಂಡೆ. ಎರಡೇ ಗುಂಪುಗಳು ಸಾಕಾದವು: ‘ಕೂಲಿ’ ಮತ್ತು ‘ಗೋದಾಮು’. ರೈಟರ್ ಮೊದಲನೆಯದರಲ್ಲಿ, ಹುಡುಗ ಎರಡನೆಯದರಲ್ಲಿ, ಲೆಕ್ಕದ ಅಕ್ಕ ಎರಡರಲ್ಲೂ.

ಬಳಕೆದಾರರನ್ನು ಗುಂಪಿಗೆ ಸೇರಿಸುವ ಯೂಸರ್‌ಮಾಡ್ ಆದೇಶದಲ್ಲಿ ದೊಡ್ಡ ‘ಜಿ’ ಜೊತೆಗೆ ಸಣ್ಣ ‘ಎ’ ಇರಲೇಬೇಕು. ‘ಎ’ ಇಲ್ಲದಿದ್ದರೆ ಹೊಸ ಗುಂಪಿಗೆ ಸೇರಿಸುವಾಗಲೇ ಉಳಿದ ಹೆಚ್ಚುವರಿ ಗುಂಪುಗಳಿಂದ ಕಿತ್ತುಹಾಕುತ್ತದೆ. ಪರೀಕ್ಷೆಗೆಂದು ನನ್ನನ್ನು ‘ಕೂಲಿ’ಗೆ ಸೇರಿಸುವಾಗ ಹಾಗೆ ಮಾಡಿ ಉಸ್ತುವಾರಿಯ ಹಕ್ಕು ಕೊಡುವ ಸುಡೊ ಗುಂಪಿನಿಂದಲೇ ಹೊರಬಿದ್ದೆ. ಡೆಬಿಯನ್ ಹಾಕುವಾಗ ಎಲ್ಲ ಹಕ್ಕೂ ಇರುವ ರೂಟ್ ಖಾತೆಗೆ ಪಾಸ್‌ವರ್ಡ್ ಇಟ್ಟಿದ್ದರಿಂದ ಅದರ ಮೂಲಕ ಸರಿಪಡಿಸಲು ಸಾಧ್ಯವಾಯಿತು. ಇನ್ನೊಂದು ವಿಷಯ: ಗುಂಪಿಗೆ ಸೇರಿಸಿದ ಮೇಲೆ ಆ ಬಳಕೆದಾರರು ಲಾಗ್ಔಟ್ ಆಗಿ ಮತ್ತೆ ಬರಬೇಕು, ಇಲ್ಲವಾದರೆ ತೆರೆದಿರುವ ಸೆಷನ್ನಿಗೆ ಹೊಸ ಗುಂಪು ತಿಳಿಯುವುದಿಲ್ಲ.

ಕೂಲಿ ಫೋಲ್ಡರನ್ನು ‘ಕೂಲಿ’ ಗುಂಪಿಗೆ ಒಪ್ಪಿಸಿ 2770 ಕೊಟ್ಟೆ. ಓದಲು 4, ಬರೆಯಲು 2, ಒಳಹೋಗಲು 1; ಕೂಡಿದರೆ 7. ಒಡೆಯನಿಗೆ ಏಳು, ಗುಂಪಿಗೆ ಏಳು, ಹೊರಗಿನವರಿಗೆ ಸೊನ್ನೆ. ಎಲ್ಲಕ್ಕಿಂತ ಮೊದಲಿರುವ 2 ಸೆಟ್‌ಜಿಐಡಿ. ಅದಿದ್ದರೆ ಒಳಗೆ ಯಾರು ಹೊಸ ಕಡತ ಮಾಡಿದರೂ ಅದು ಫೋಲ್ಡರಿನ ಗುಂಪಿಗೇ ಸೇರುತ್ತದೆ. ಅದಿಲ್ಲದಿದ್ದರೆ ರೈಟರ್ ಮಾಡಿದ ಕಡತ ರೈಟರ ಸ್ವಂತ ಗುಂಪಿನ ಹೆಸರಿಗೆ ಹೋಗುತ್ತಿತ್ತು.

ಇಷ್ಟಾದರೂ ಸೋಮವಾರ ಅಕ್ಕ ಫೋನ್ ಮಾಡಿ, “ಪಟ್ಟಿ ತೆರೆಯುತ್ತದೆ, ತಿದ್ದಲು ಬಿಡುವುದಿಲ್ಲ” ಎಂದರು. ಕಾರಣ ಯುಮಾಸ್ಕ್, ಅಂದರೆ ಹೊಸ ಕಡತಗಳಿಂದ ಯಾವ ಹಕ್ಕು ಕಳೆಯಬೇಕೆಂದು ಹೇಳುವ ಸಂಖ್ಯೆ. ಅದು 022 ಇದ್ದುದರಿಂದ ಹೊಸ ಕಡತಗಳಲ್ಲಿ ಗುಂಪಿನ ಬರೆಯುವ ಹಕ್ಕು ಕಳಚಿಹೋಗುತ್ತಿತ್ತು. ಪ್ರತಿಯೊಬ್ಬರ ಯುಮಾಸ್ಕ್ ಬದಲಿಸುವುದಕ್ಕಿಂತ ಫೋಲ್ಡರಿಗೇ ಡೀಫಾಲ್ಟ್ ಎಸಿಎಲ್ (ಒಳಗಿನ ಹೊಸ ಕಡತಗಳಲ್ಲಿ ಯಾರಿಗೆ ಯಾವ ಹಕ್ಕೆಂಬ ಪಟ್ಟಿ) ಹಾಕುವುದು ಮೇಲೆಂದು ನನಗನ್ನಿಸಿತು. ಅದಿದ್ದಲ್ಲಿ ಯುಮಾಸ್ಕಿನ ಮಾತು ನಡೆಯುವುದಿಲ್ಲ. ಹಳೆಯ ಕಡತಗಳಿಗೆ ಮಾತ್ರ ಗುಂಪನ್ನೂ ಅನುಮತಿಯನ್ನೂ ನಾನೇ ಒಮ್ಮೆ ಬದಲಿಸಬೇಕಾಯಿತು. ಬೇರೆಡೆ ಮಾಡಿದ ಕಡತವನ್ನು ಅದೇ ಡಿಸ್ಕಿನಲ್ಲಿ ಸರಿಸಿ ತಂದರೆ ಅದು ಹಳೆಯ ಗುಂಪನ್ನೇ ಹೊತ್ತು ಬರುತ್ತದೆ. ನಕಲು ಮಾಡಿದರೆ ಹೊಸ ಗುಂಪು ಸಿಗುತ್ತದೆ. ಆದ್ದರಿಂದ ಕಡತ ತರುವಾಗ ನಕಲು ಮಾಡಿ ಎಂದು ಮೂವರಿಗೂ ಹೇಳಿದ್ದೇನೆ.

ಬಿಲ್ಲುಗಳ ಸ್ಕ್ಯಾನ್ ಇಡುವ ಫೋಲ್ಡರ್ ಎಲ್ಲರಿಗೂ ತೆರೆದಿರಬೇಕಿತ್ತು. ಅದಕ್ಕೆ 1777 ಕೊಟ್ಟೆ. ಆ ಮೊದಲ 1 ಸ್ಟಿಕಿ ಬಿಟ್. ಅದಿದ್ದರೆ ಯಾರು ಬೇಕಾದರೂ ಕಡತ ಇಡಬಹುದು, ಆದರೆ ಬಳಕೆದಾರರು ತಮ್ಮದನ್ನು ಮಾತ್ರ ಅಳಿಸಬಹುದು. ಹುಡುಗನ ಖಾತೆಯಿಂದಲೇ ಲಾಗಿನ್ ಆಗಿ ಅಕ್ಕನ ಬಿಲ್ಲೊಂದನ್ನು ಅಳಿಸಲು ನೋಡಿದೆ; ಆಗಲಿಲ್ಲ. ಕೂಲಿ ಫೋಲ್ಡರಿನೊಳಗೆ ಹೋಗಲೂ ಆಗಲಿಲ್ಲ.

ರೊಬಸ್ಟಾ ಕೊಯ್ಲಿನ ಹೊತ್ತಿಗೆ ರೈಟರ್ ಬೇರೆ ತೋಟಕ್ಕೆ ಹೋದರು. ಅವರ ಖಾತೆಗೆ ಬೀಗ ಹಾಕಿ, ಹೊಸಬರನ್ನು ‘ಕೂಲಿ’ ಗುಂಪಿಗೆ ಸೇರಿಸಿದೆ. ಯಾವ ಫೋಲ್ಡರನ್ನೂ ಮುಟ್ಟಬೇಕಾಗಲಿಲ್ಲ. ಹಳೆಯ ರೈಟರ್ ಬರೆದಿಟ್ಟ ಪಟ್ಟಿಗಳನ್ನು ತೆರೆದು ಹೊಸ ರೈಟರ್ ಆ ಶನಿವಾರದ ಬಟವಾಡೆಯನ್ನು ಹೊತ್ತಿಗೆ ಸರಿಯಾಗಿ ಮಾಡಿದರು.